ಅಮ್ಮನ ಮಂಡಿ ಆಪರೇಷನ್: ಚಿಪ್ಪಿಗೂ ಬಟನ್ ಹಾಕಿಸಬೇಕಾ, ಹಾಗೇ ಬಿಡಬೇಕಾ?

ಹಾಸನದ_ಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 64 ವರ್ಷ. ಎರಡೂ ಮಂಡಿ ಸವೆದು ಕಾಲು ಬಿಲ್ಲಿನ ಹಾಗೆ ಬಾಗಿವೆ. ಐದು ವರ್ಷ ಎಣ್ಣೆ, ಬೆಲ್ಟು, ಮಾತ್ರೆ, ಇಂಜೆಕ್ಷನ್ ಎಲ್ಲ ಆಯಿತು. ಈಗ ಬಲಗಾಲಿಗೆ ನೀ ರಿಪ್ಲೇಸ್‌ಮೆಂಟ್ ಮಾಡಿಸುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಇನ್ನು ಮೂರು ವಾರ ಇದೆ.

ಇಬ್ಬರು ಡಾಕ್ಟರಿಗೆ ತೋರಿಸಿದೆವು, ಅದೇ ತಪ್ಪಾಯಿತೋ ಏನೋ. ಹಾಸನದವರು, "ಮಂಡಿಚಿಪ್ಪನ್ನು ನಾನು ಮುಟ್ಟುವುದಿಲ್ಲ, ದೇವರು ಕೊಟ್ಟಿದ್ದು ಹಾಗೇ ಇರಲಿ" ಅಂದರು. ಬೆಂಗಳೂರಿನವರು, "ಚಿಪ್ಪಿನ ಒಳಭಾಗಕ್ಕೂ ಪ್ಲಾಸ್ಟಿಕ್ ಬಟನ್ ಹಾಕುತ್ತೇನೆ, ಇಲ್ಲದಿದ್ದರೆ ಮುಂದೆ ನೋವು ಬರುತ್ತದೆ" ಅಂದರು. ಇಬ್ಬರಿಗೂ ಇಪ್ಪತ್ತು ವರ್ಷದ ಮೇಲೆ ಅನುಭವ. ಇಬ್ಬರೂ ಅನುಮಾನವೇ ಇಲ್ಲದ ಹಾಗೆ ಹೇಳಿದರು. ಅಮ್ಮ ಮಾತ್ರ, "ಯಾರಾದರೂ ಒಬ್ಬರು ಮಾಡಿ ಮುಗಿಸ್ಲಿ, ನನಗೆ ಮೆಟ್ಟಿಲು ಹತ್ತೋಕೆ ಆದರೆ ಸಾಕು" ಅಂತಾಳೆ.

ಮಾಡಿಸಿಕೊಂಡವರು, ಗೊತ್ತಿರುವವರು ದಯವಿಟ್ಟು ಹೇಳಿ.

ಪೆಟ್ಟಿಅಂಗಡಿ
ಚಿಪ್ಪಿಗೆ ಬಟನ್ ಅಂದರೆ ಶರ್ಟಿನ ಗುಂಡಿಯಾ? ನಿಜವಾಗಿ ಕೇಳುತ್ತಿದ್ದೇನೆ.

ರಿಟೈರ್ಡ್_ಮೇಷ್ಟ್ರು
ತಾಯಿ, ಈ ಪ್ರಶ್ನೆಗೆ ನನಗಿಂತ ಒಳ್ಳೆ ಸಾಕ್ಷಿ ಸಿಗಲಿಕ್ಕಿಲ್ಲ. ನನಗೆ 71. ಎಡಗಾಲು ಆರು ವರ್ಷದ ಹಿಂದೆ, ಬಲಗಾಲು ನಾಲ್ಕು ವರ್ಷದ ಹಿಂದೆ. ಮೊದಲನೆಯದನ್ನು ಮಾಡಿದ ಡಾಕ್ಟರು ಮಗನ ಜೊತೆ ಇರೋಕೆ ವಿದೇಶಕ್ಕೆ ಹೋದರು. ಹಾಗಾಗಿ ಎರಡನೆಯದನ್ನು ಬೇರೆಯವರು ಮಾಡಿದರು. ಒಂದು ಕಾಲಿನಲ್ಲಿ ಬಟನ್ ಇದೆ, ಇನ್ನೊಂದರಲ್ಲಿ ಇಲ್ಲ.

ಯಾವುದರಲ್ಲಿ ಇದೆ ಅಂತ ಎಕ್ಸ್‌ರೇ ನೋಡಿ ನೆನಪು ಮಾಡಿಕೊಳ್ಳಬೇಕು! ನಡೆಯುವಾಗ ಒಂದೇ. ಬಸ್ ಹತ್ತುವಾಗ ಒಂದೇ. ಒಂದು ಕಾಲು ಕುರ್ಚಿಯಿಂದ ಏಳುವಾಗ "ಟಕ್" ಅನ್ನುತ್ತದೆ. ನಮ್ಮ ಮನೆಯವಳು ಅದು ಬಟನ್ ಸದ್ದು ಅಂತ ವಾದ ಮಾಡುತ್ತಿದ್ದಳು. ನೋಡಿದರೆ ಟಕ್ ಅನ್ನುವುದು ಬಟನ್ ಇಲ್ಲದ ಕಾಲು.

ಮೂಳೆ_ವೈದ್ಯ
ನಾನು ಹುಬ್ಬಳ್ಳಿ ಕಡೆ ಕೀಲು-ಮೂಳೆ ಡಾಕ್ಟರು. ನಿಮ್ಮ ಅಮ್ಮನ ಮಂಡಿಯನ್ನು ನೋಡಿಲ್ಲ, ಹಾಗಾಗಿ ಇದನ್ನು ಸಲಹೆ ಅಂತ ತೆಗೆದುಕೊಳ್ಳಬೇಡಿ. ಇಬ್ಬರು ಡಾಕ್ಟರು ಯಾಕೆ ಎರಡು ಮಾತು ಹೇಳುತ್ತಾರೆ ಅನ್ನುವುದನ್ನಾದರೂ ಬಿಡಿಸಿ ಹೇಳುತ್ತೇನೆ. ಉದ್ದ ಆಗುತ್ತದೆ, ಕ್ಷಮಿಸಿ.

ಪೆಟ್ಟಿಅಂಗಡಿಯವರೇ, ಹೆಚ್ಚುಕಡಿಮೆ ಹಾಗೇ. ಸುಮಾರು ಮೂರು ಸೆಂಟಿಮೀಟರ್ ಅಗಲ, ಎಂಟೊಂಬತ್ತು ಮಿ.ಮೀ. ದಪ್ಪದ ಗಟ್ಟಿ ಪ್ಲಾಸ್ಟಿಕ್. ಹಿಂದೆ ಮೂರು ಚಿಕ್ಕ ಗೂಟ ಇರುತ್ತವೆ. ಚಿಪ್ಪಿನ ಒಳಮುಖವನ್ನು ಗರಗಸದಲ್ಲಿ ಸಮ ಮಾಡಿ, ತೂತು ಕೊರೆದು, ಬೋನ್ ಸಿಮೆಂಟಿನಲ್ಲಿ ಅಂಟಿಸುತ್ತೇವೆ. ಹತ್ತು ನಿಮಿಷದ ಕೆಲಸ. ಹೊರಗಿನಿಂದ ಕೈಗೆ ಸಿಗುವ ಚಿಪ್ಪು ನಿಮ್ಮದೇ ಆಗಿರುತ್ತದೆ. ಚಿಪ್ಪನ್ನೇ ತೆಗೆದು ಬೇರೆ ಇಡುತ್ತಾರೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ.

ಚಿಪ್ಪು ಅನ್ನುವುದು ಸುಮ್ನೆ ಮುಚ್ಚಳ ಅಲ್ಲ. ತೊಡೆಯ ಮುಂದಿನ ಸ್ನಾಯು ಕಾಲನ್ನು ಎಳೆದು ನೆಟ್ಟಗೆ ಮಾಡುತ್ತದಲ್ಲ, ಆ ಹಗ್ಗಕ್ಕೆ ಇದು ಬಾವಿಯ ರಾಟೆ ಇದ್ದಂತೆ. ಸಮ ನೆಲದಲ್ಲಿ ನಡೆಯುವಾಗ ಅದರ ಮೇಲೆ ದೇಹದ ತೂಕದ ಅರ್ಧದಷ್ಟು ಭಾರ ಬೀಳುತ್ತದೆ. ಮೆಟ್ಟಿಲಲ್ಲಿ ಮೂರು ಪಟ್ಟು. ಕುಕ್ಕರಗಾಲಲ್ಲಿ ಕೂತರೆ ಏಳೆಂಟು ಪಟ್ಟು. ಅದಕ್ಕೇ ಮಂಡಿಯ ಮುಂಭಾಗದ ನೋವು ಮೊದಲು ಗೊತ್ತಾಗುವುದು ಮೆಟ್ಟಿಲಲ್ಲಿ.

ಇನ್ನು ಜಗಳದ ಇತಿಹಾಸ. 1970ರ ದಶಕದ ಶುರುವಿನ ಕೃತಕ ಮಂಡಿಗಳಲ್ಲಿ ಚಿಪ್ಪಿಗೆ ಅಂತ ಏನೂ ಇರಲಿಲ್ಲ. ಮಂಡಿಯ ಮುಂಭಾಗ ನೋವು ಅಂತ ಜನ ವಾಪಸ್ ಬಂದರು. ಆಮೇಲೆ ನ್ಯೂಯಾರ್ಕ್‌ನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ಜಾನ್ ಇನ್‌ಸಾಲ್ ಮತ್ತು ಜೊತೆಯವರು 1974ರ ಹೊತ್ತಿಗೆ ಟೋಟಲ್ ಕಾಂಡೈಲರ್ ಅನ್ನುವ ಮಂಡಿ ತಂದರು. ಅದರಲ್ಲಿ ಚಿಪ್ಪಿಗೂ ಪ್ಲಾಸ್ಟಿಕ್ ಇತ್ತು. ಆ ತಂಡದಲ್ಲಿ ನಮ್ಮ ದೇಶದ ಚಿತ್ತರಂಜನ್ ರಾಣಾವತ್ ಇದ್ದರು. 2000ದಲ್ಲಿ ವಾಜಪೇಯಿಯವರ ಎಡ ಮಂಡಿಯ ಆಪರೇಷನ್ ಮುಂಬೈನ ಬ್ರೀಚ್ ಕ್ಯಾಂಡಿಯಲ್ಲಿ ಮಾಡಿದರಲ್ಲ, ಅವರೇ. ನಮ್ಮ ಊರುಗಳಲ್ಲಿ "ಮಂಡಿ ಬದಲಾಯಿಸಬಹುದಂತೆ" ಅನ್ನುವ ಸುದ್ದಿ ಹರಡಿದ್ದೇ ಆಗ.

1980ರ ದಶಕದಲ್ಲಿ ಬಟನ್ನಿನ ಬೆನ್ನಿಗೆ ಲೋಹದ ತಗಡು ಸೇರಿಸಿದರು. ಅದು ಎಡವಟ್ಟಾಯಿತು. ಅಂಚಿನಲ್ಲಿ ಪ್ಲಾಸ್ಟಿಕ್ ತೆಳ್ಳಗಾಗಿ ಸವೆದು, ಲೋಹಕ್ಕೆ ಲೋಹ ಉಜ್ಜಿತು. ಚಿಪ್ಪು ಮುರಿದಿದ್ದು, ಬಟನ್ ಸಡಿಲವಾಗಿದ್ದು, ಸ್ನಾಯುವಿನ ಹುರಿ ಹರಿದಿದ್ದು, ಎಲ್ಲ ಸೇರಿ ಒಂದಷ್ಟು ಡಾಕ್ಟರುಗಳು "ಈ ಸಹವಾಸವೇ ಬೇಡ" ಅಂದರು. ಅವರ ಶಿಷ್ಯರೂ ಹಾಗೇ ಕಲಿತರು. ನಾನೂ ಹಾಗೆ ಕಲಿತವನೇ. ಈಗ ಹಾಕುವುದು ಪೂರ್ತಿ ಪ್ಲಾಸ್ಟಿಕ್ಕಿನದು. ಆ ಹಳೆಯ ತೊಂದರೆಗಳು ತುಂಬಾ ಕಡಿಮೆಯಾಗಿವೆ, ಆದರೆ ಸೊನ್ನೆ ಆಗಿಲ್ಲ.

ಅಮೆರಿಕದಲ್ಲಿ ಹೆಚ್ಚಿನವರು ಬಟನ್ ಹಾಕುತ್ತಾರೆ. ಸ್ವೀಡನ್, ನಾರ್ವೆಯಲ್ಲಿ ಹಾಕುವುದು ಅಪರೂಪ. ಪಕ್ಕದ ಡೆನ್ಮಾರ್ಕ್‌ನಲ್ಲಿ ಮತ್ತೆ ಹಾಕುವವರೇ ಜಾಸ್ತಿ. ಹಾಗಂತ ಸ್ವೀಡನ್ನಿನ ಅಜ್ಜಿಯರೆಲ್ಲ ಕುಂಟುತ್ತಿಲ್ಲ.

ಲೀಡ್ಸ್_ಕನ್ನಡಿಗ
ನಾನು ಇಂಗ್ಲೆಂಡಿನಲ್ಲಿ ಆರ್ಥೋ ವಾರ್ಡ್ ನರ್ಸ್. ಡಾಕ್ಟರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ದೊಡ್ಡ ಪ್ರಯೋಗ ನಡೆದಿದೆ. ಹೆಸರು ಕ್ಯಾಟ್. 1999ರಿಂದ 2003ರವರೆಗೆ ರೋಗಿಗಳನ್ನು ಸೇರಿಸಿಕೊಂಡರು. ಚಿಪ್ಪಿನ ಪ್ರಶ್ನೆಗೇ 1,715 ಜನ. ಯಾರಿಗೆ ಬಟನ್, ಯಾರಿಗೆ ಇಲ್ಲ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿ, ಹತ್ತು ವರ್ಷದವರೆಗೆ ಅವರನ್ನು ಬಿಡದೆ ವಿಚಾರಿಸಿದರು. ನೋವು, ಓಡಾಟ, ಜೀವನದ ಗುಣಮಟ್ಟ ಯಾವುದರಲ್ಲೂ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಖರ್ಚಿನ ಲೆಕ್ಕದಲ್ಲಿ ಮಾತ್ರ ಬಟನ್ ಹಾಕಿದ್ದೇ ಸ್ವಲ್ಪ ಲಾಭ ಅಂತ ಕಂಡಿತು.

2020ರ ಜೂನ್‌ನಲ್ಲಿ ಇಲ್ಲಿನ ನೈಸ್ (ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಮಾರ್ಗಸೂಚಿ ಕೊಡುವ ಸಂಸ್ಥೆ), ಮೊದಲ ಸಲ ಪೂರ್ತಿ ಮಂಡಿ ಬದಲಾಯಿಸುವವರಿಗೆ ಚಿಪ್ಪಿಗೂ ಬಟನ್ ಹಾಕಲು ಮುಂದಾಗಿ ಅಂತ ಮಾರ್ಗಸೂಚಿ ಕೊಟ್ಟಿತು. ಎರಡನೇ ಸಲ ಆಪರೇಷನ್ ಥಿಯೇಟರಿಗೆ ಹೋಗುವ ಪ್ರಸಂಗ ಕಡಿಮೆಯಾಗುತ್ತದೆ, ಒಟ್ಟು ಖರ್ಚು ಉಳಿಯುತ್ತದೆ ಅನ್ನುವುದೇ ಮುಖ್ಯ ಕಾರಣ. ಹಾಗಾಗಿ ನಾನಾಗಿದ್ದರೆ ಹಾಕಿಸುತ್ತಿದ್ದೆ.

ಬೆಣ್ಣೆದೋಸೆ
ನಾನೂ ಅದೇ ಹೇಳೋಣ ಅಂತ ಬಂದೆ. ನಮ್ಮ ಅಪ್ಪನಿಗೆ ಬಟನ್ ಹಾಕಲಿಲ್ಲ. ಒಂದು ವರ್ಷ ಕಳೆಯುವುದರೊಳಗೆ ಮಂಡಿಯ ಮುಂಭಾಗ ನೋವು. ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರಬೇಕು. ಮೆಟ್ಟಿಲು ಇಳಿಯುವಾಗ ಮಗುವಿನ ಹಾಗೆ ಒಂದೊಂದೇ ಹೆಜ್ಜೆ. "ಚಿಪ್ಪು ಉಜ್ಜುತ್ತಿದೆ" ಅಂತ ಅದೇ ಆಸ್ಪತ್ರೆಯವರು ಮತ್ತೆ ಕೊಯ್ದು ಬಟನ್ ಹಾಕಿದರು. ಮತ್ತೆ ದುಡ್ಡು, ಮತ್ತೆ ಹಾಸಿಗೆ. ಮೊದಲೇ ಹಾಕಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಸಿಟ್ಟು ಬರುತ್ತದೆ.

ಮೂಳೆ_ವೈದ್ಯ
ಬೆಣ್ಣೆದೋಸೆಯವರೇ, ಒಂದು ಪ್ರಶ್ನೆ. ಎರಡನೇ ಆಪರೇಷನ್ ಆದಮೇಲೆ ಅಪ್ಪನ ನೋವು ಹೋಯಿತಾ?

ಬೆಣ್ಣೆದೋಸೆ
ಅದೇ ಕಥೆ ಸರ್. ಹೋಗಲಿಲ್ಲ. ಸ್ವಲ್ಪ ಕಡಿಮೆ ಆದ ಹಾಗೆ ಆಗಿ, ಆರು ತಿಂಗಳಿಗೆ ಮತ್ತೆ ಅದೇ. ಕೊನೆಗೆ ಬೇರೆ ಊರಲ್ಲಿ ತೋರಿಸಿದೆವು. ಅವರು ಸಿ.ಟಿ. ಸ್ಕ್ಯಾನ್ ಮಾಡಿಸಿ, ತೊಡೆಮೂಳೆಗೆ ಕೂರಿಸಿದ ಲೋಹದ ಭಾಗವೇ ಒಳಕ್ಕೆ ತಿರುಗಿ ಕೂತಿದೆ, ಅದಕ್ಕೇ ಚಿಪ್ಪು ಪಕ್ಕಕ್ಕೆ ಎಳೆದುಕೊಳ್ಳುತ್ತಿದೆ ಅಂದರು.

ಮೂಳೆ_ವೈದ್ಯ
ಹಾಗಾದರೆ ಬಟನ್ನಿನ ಮೇಲೆ ಸಿಟ್ಟು ಬೇಡ. ಬಾಗಿಲ ಚೌಕಟ್ಟು ಓರೆಯಾಗಿದ್ದರೆ ಹೊಸ ಚಿಲಕ ಹಾಕಿ ಏನು ಪ್ರಯೋಜನ?

ಆಪರೇಷನ್ ಆದಮೇಲೆ ಮುಂಭಾಗ ನೋವು ಬರುವುದು ಬಟನ್ ಹಾಕಿದವರಿಗೂ ಉಂಟು, ಹಾಕದವರಿಗೂ ಉಂಟು. ಲೋಹದ ಭಾಗ ಸ್ವಲ್ಪ ತಿರುಗಿ ಕೂತರೆ ಬರುತ್ತದೆ. ಅಳತೆ ದೊಡ್ಡದಾದರೆ ಬರುತ್ತದೆ. ತೊಡೆ ಸ್ನಾಯು ಸೋತಿದ್ದರೆ ಬರುತ್ತದೆ. ಸೊಂಟದ ಕೀಲಿನ ನೋವು ಮಂಡಿಯಲ್ಲಿ ಕಾಣಿಸುವುದೂ ಇದೆ. ಆದರೆ ಬಟನ್ ಇಲ್ಲದ ಮಂಡಿಯಲ್ಲಿ ನೋವು ಬಂದ ಕೂಡಲೇ ರೋಗಿಗೂ ಡಾಕ್ಟರಿಗೂ ಒಂದೇ ಉತ್ತರ ಕಣ್ಣಿಗೆ ಬೀಳುತ್ತದೆ: "ಬಟನ್ ಹಾಕಿಬಿಡೋಣ."

ಲೀಡ್ಸ್‌ನವರು ಹೇಳಿದ ಎರಡನೇ ಆಪರೇಷನ್ ಲೆಕ್ಕದ ಬಗ್ಗೆ ನನಗೆ ಇರುವ ಅನುಮಾನ ಇದೇ. ಬಟನ್ ಇಲ್ಲದವರಿಗೆ ನೋವು ಬಂದರೆ ಮಾಡಲಿಕ್ಕೆ ಒಂದು ಸುಲಭದ ಆಪರೇಷನ್ ಇದೆ. ಮಾಡುತ್ತಾರೆ, ಅದು ಲೆಕ್ಕಕ್ಕೆ ಸೇರುತ್ತದೆ. ಬಟನ್ ಇರುವವರಿಗೆ ಅಷ್ಟೇ ನೋವು ಬಂದರೆ ಸುಲಭದ್ದು ಯಾವುದೂ ಉಳಿದಿಲ್ಲ. "ವ್ಯಾಯಾಮ ಮಾಡಿ, ಕಾದು ನೋಡೋಣ" ಅಂತ ಕಳಿಸುತ್ತಾರೆ. ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ನೋವು ಎರಡೂ ಕಡೆ ಒಂದೇ, ಪುಸ್ತಕದಲ್ಲಿ ಮಾತ್ರ ಒಂದು ಕಡೆ ಜಾಸ್ತಿ ಕಾಣುತ್ತದೆ. ಆಮೇಲೆ ಹಾಕಿದ ಬಟನ್ನಿನಿಂದ ಗುಣವಾದವರೂ ಇದ್ದಾರೆ, ಆಗದವರೂ ಸುಮಾರು ಜನ ಇದ್ದಾರೆ.

ಲೀಡ್ಸ್_ಕನ್ನಡಿಗ
ಒಪ್ಪಿದೆ ಸರ್. ಆದರೆ ಒಂದು ಮಾತು. ಎರಡನೇ ಆಪರೇಷನ್ ಬೇಕಾಗಿತ್ತೋ ಬೇಡವಾಗಿತ್ತೋ, ಅದನ್ನು ಅನುಭವಿಸುವವರು ರೋಗಿ ತಾನೇ? ಮೊದಲೇ ಹಾಕಿದ್ದರೆ ಆ ಆಸೆಯೂ ಇರುತ್ತಿರಲಿಲ್ಲ, ಆ ಕೊಯ್ತವೂ ಇರುತ್ತಿರಲಿಲ್ಲ. ಬೆಣ್ಣೆದೋಸೆಯವರ ಅಪ್ಪನಿಗೆ ಒಂದು ಆಪರೇಷನ್ ಉಳಿಯುತ್ತಿತ್ತು.

ಮೂಳೆ_ವೈದ್ಯ
ಇದು ಸರಿಯಾದ ಪೆಟ್ಟು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಾನು ಈಚೆಗೆ ಮೊದಲಿಗಿಂತ ಜಾಸ್ತಿ ಬಟನ್ ಹಾಕುತ್ತಿರುವುದಕ್ಕೆ ಕಾರಣವೂ ಇದೇ.

ಆದರೂ ಎಲ್ಲರಿಗೂ ಹಾಕದಿರುವುದು ಚಿಪ್ಪಿನ ದಪ್ಪದಿಂದಾಗಿ. ಬ್ರಿಟನ್ನಿನ ರೋಗಿಗಳ ಚಿಪ್ಪಿಗೂ ನಮ್ಮ ಹೆಂಗಸರ ಚಿಪ್ಪಿಗೂ ವ್ಯತ್ಯಾಸ ಇದೆ. ನಮ್ಮಲ್ಲಿ ಕುಳ್ಳಗೆ ತೆಳ್ಳಗೆ ಇರುವ ಹೆಂಗಸರಲ್ಲಿ 20 ಮಿ.ಮೀ. ಆಸುಪಾಸು ಇರುತ್ತದೆ, ಕೆಲವರಲ್ಲಿ ಅದಕ್ಕೂ ಕಡಿಮೆ. ಎಂಟೊಂಬತ್ತು ಮಿ.ಮೀ. ಬಟನ್ ಕೂರಿಸಬೇಕಾದರೆ ಅಷ್ಟೇ ಮೂಳೆ ಕೊಯ್ಯಬೇಕು. ಕನಿಷ್ಠ 12 ಮಿ.ಮೀ. ಮೂಳೆಯಾದರೂ ಉಳಿಯಬೇಕು ಅಂತ ನಾವು ನೋಡುತ್ತೇವೆ. ಅದಕ್ಕಿಂತ ತೆಳ್ಳಗಾದರೆ ಚಿಪ್ಪು ಮುರಿಯುವ ಭಯ. ಕಡಿಮೆ ಕೊಯ್ದು ಬಟನ್ ಹಾಕಿದರೆ ಚಿಪ್ಪು ಮೊದಲಿಗಿಂತ ದಪ್ಪವಾಗಿ, ಮಂಡಿ ಮಡಚುವಾಗ ಬಿಗಿಯುತ್ತದೆ. ಬಟನ್ ಇರುವ ಚಿಪ್ಪು ಮುರಿದರೆ ಸರಿ ಮಾಡುವುದು ಬಹಳ ಕಷ್ಟ. ನಾನು ಅಂಥದ್ದು ಒಂದು ನೋಡಿದ್ದೇನೆ, ಎರಡನೆಯದು ನೋಡುವ ಆಸೆ ಇಲ್ಲ.

ಹಾಗಾಗಿ ನನ್ನದು ಮೂರನೇ ಗುಂಪು, ನೋಡಿ ಹಾಕುವವರು. ರುಮಟಾಯ್ಡ್ ಸಂಧಿವಾತ ಇದ್ದರೆ ಹಾಕುತ್ತೇನೆ. ಚಿಪ್ಪಿನ ಒಳಮುಖದ ಕಾರ್ಟಿಲೇಜ್ (ಮೂಳೆಯ ಮೇಲಿನ ನುಣುಪಾದ ಪದರ) ಪೂರ್ತಿ ಹೋಗಿ ಮೂಳೆ ಬೆತ್ತಲಾಗಿದ್ದರೆ, ಮೊದಲಿನಿಂದಲೂ ಮೆಟ್ಟಿಲಲ್ಲಿ ಮುಂಭಾಗವೇ ನೋಯುತ್ತಿದ್ದರೆ, ತೂಕ ಜಾಸ್ತಿ ಇದ್ದರೆ ಹಾಕುತ್ತೇನೆ. ಚಿಪ್ಪು ತೆಳ್ಳಗಿದ್ದು ಕಾರ್ಟಿಲೇಜ್ ಚೆನ್ನಾಗಿದ್ದರೆ ಬಿಡುತ್ತೇನೆ. ಬಿಡುವುದು ಅಂದರೆ ಸುಮ್ನೆ ಬಿಡುವುದಲ್ಲ. ಸುತ್ತ ಬೆಳೆದ ಮೂಳೆಯ ಮುಳ್ಳುಗಳನ್ನು ಕಿತ್ತು, ಅಂಚನ್ನು ಕಾಟರಿಯಲ್ಲಿ (ಕರೆಂಟಿನಿಂದ ಸುಡುವ ಉಪಕರಣ) ಸುಟ್ಟು ಅಲ್ಲಿನ ನರದ ಎಳೆಗಳನ್ನು ಮಂಕು ಮಾಡುತ್ತೇವೆ. ಈಗಿನ ಇಂಪ್ಲಾಂಟ್‌ಗಳಲ್ಲಿ ತೊಡೆಮೂಳೆಯ ಭಾಗಕ್ಕೆ ಎಡ-ಬಲ ಬೇರೆ ಬೇರೆ ಇರುತ್ತದೆ, ಚಿಪ್ಪು ಜಾರಲು ಆಳವಾದ ಕಾಲುವೆ ಇರುತ್ತದೆ. ಹಳೆಯವುಗಳಷ್ಟು ಕಾಟ ಕೊಡುವುದಿಲ್ಲ.

ಫಿಸಿಯೊ_ಅಕ್ಕ
ಡಾಕ್ಟರುಗಳ ಜಗಳದಲ್ಲಿ ನಮ್ಮ ಕೆಲಸವನ್ನು ಎಲ್ಲರೂ ಮರೆತಿರಿ. ನನ್ನ ಹತ್ತಿರ ಬರುವವರಲ್ಲಿ "ಚಿಪ್ಪು ನೋವು" ಅನ್ನುವ ಸುಮಾರು ಜನಕ್ಕೆ ತೊಡೆಯಲ್ಲಿ ಶಕ್ತಿಯೇ ಇರುವುದಿಲ್ಲ. ಐದಾರು ವರ್ಷ ನೋವಿಗೆ ಹೆದರಿ ಕಾಲು ಬಳಸಿರುವುದಿಲ್ಲ, ಸ್ನಾಯು ಕರಗಿರುತ್ತದೆ. ಮಗಳೇ, ಇನ್ನೂ ಮೂರು ವಾರ ಇದೆಯಲ್ಲ, ಇವತ್ತಿನಿಂದಲೇ ಶುರು ಮಾಡಿಸಿ. ಮಂಡಿ ಕೆಳಗೆ ಟವೆಲ್ ಸುತ್ತಿ ಇಟ್ಟು ಒತ್ತುವುದು, ಕಾಲು ನೆಟ್ಟಗೆ ಎತ್ತಿ ಐದು ಎಣಿಸುವುದು.

ಇನ್ನೆರಡು ವಿಷಯ ಮೊದಲೇ ಅಮ್ಮನಿಗೆ ಹೇಳಿಡಿ. ಗಾಯದ ಹೊರಬದಿಯಲ್ಲಿ ಅಂಗೈಯಗಲ ಜಾಗ ಮರಗಟ್ಟಿದ ಹಾಗೆ ಇರುತ್ತದೆ. ಚರ್ಮದ ಸಣ್ಣ ನರ ಕಡಿದಿರುತ್ತದೆ, ಅದಕ್ಕೂ ಬಟನ್ನಿಗೂ ಸಂಬಂಧ ಇಲ್ಲ. ಮಂಡಿಯೂರಿ ಕೂರಲು ತುಂಬಾ ಜನಕ್ಕೆ ಆಗುವುದಿಲ್ಲ, ಬಟನ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ದೇವರಿಗೆ ಕುರ್ಚಿಯಲ್ಲಿ ಕೂತೇ ಕೈ ಮುಗಿಯಲಿ.

ಮೇಷ್ಟ್ರೇ, ನಿಮ್ಮ "ಟಕ್" ನೋವಿಲ್ಲದಿದ್ದರೆ ಬಿಟ್ಟುಬಿಡಿ, ಲೋಹಕ್ಕೆ ಪ್ಲಾಸ್ಟಿಕ್ ತಾಗುವ ಸದ್ದು. ಕಾಲು ಚಾಚುವಾಗ ಸಿಕ್ಕಿಕೊಂಡು ಜಿಗಿದ ಹಾಗಾಗಿ ನೋವಾದರೆ ಮಾತ್ರ ತೋರಿಸಿ. ಚಿಪ್ಪಿನ ಮೇಲ್ಗಡೆ ಗಂಟು ಬೆಳೆದು ಹಾಗಾಗುವುದುಂಟು.

ಲೆಕ್ಕದ_ಪುಸ್ತಕ
ದುಡ್ಡಿನ ಮಾತು ಯಾರೂ ಎತ್ತಲಿಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಸೆಟ್‌ಗೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಅದರಲ್ಲಿ ತೊಡೆಮೂಳೆ ಭಾಗ 24,090, ಕೆಳಮೂಳೆ ಭಾಗ 16,990, ನಡುವಿನ ಪ್ಲಾಸ್ಟಿಕ್ 9,550, ಚಿಪ್ಪಿನ ಬಟನ್ 4,090. ಆಮೇಲೆ ದರ ಬದಲಾಗಿದೆ, ಆದರೆ ಪ್ರಮಾಣ ನೋಡಿ. ಎಲ್ಲಕ್ಕಿಂತ ಅಗ್ಗದ ತುಂಡಿಗೇ ಇಷ್ಟು ದೊಡ್ಡ ಚರ್ಚೆ!

ಮುಖ್ಯ ವಿಷಯ ಇದು. ಇಂಪ್ಲಾಂಟಿನ ಬೆಲೆ, ಬ್ರ್ಯಾಂಡ್, ತಯಾರಕರು, ಬ್ಯಾಚ್ ನಂಬರ್ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಯಬೇಕು ಅಂತ ಅದೇ ಆದೇಶದಲ್ಲಿ ಇದೆ. ನನ್ನ ಅತ್ತೆಗೆ ಚಿಪ್ಪಿಗೆ ಏನೂ ಹಾಕಿರಲಿಲ್ಲ, ಬಿಲ್ಲಿನಲ್ಲಿ ಮಾತ್ರ ಪೂರ್ತಿ ಸೆಟ್ ಬಂದಿತ್ತು. ಕೇಳಿದ್ದಕ್ಕೆ "ಪ್ಯಾಕೇಜು" ಅಂದರು. ಫೈಲಿನಲ್ಲಿ ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರ್ ಮೂರೇ ಇದ್ದವು. ತೋರಿಸಿದ ಮೇಲೆ ಕಡಿಮೆ ಮಾಡಿದರು. ಸ್ಟಿಕ್ಕರ್ ಎಣಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಬೇರೆ ಡಾಕ್ಟರ ಹತ್ತಿರ ಹೋದರೆ, ಯಾವ ಕಂಪನಿಯ ಯಾವ ಅಳತೆ ಅಂತ ಅವರು ಮೊದಲು ಕೇಳುವುದೇ ಅದನ್ನು.

ಪೆಟ್ಟಿಅಂಗಡಿ
ಇಷ್ಟೆಲ್ಲ ಓದಿ ನನ್ನ ಮಂಡಿ ನೋಯೋಕೆ ಶುರುವಾಯಿತು.

ಹಾಸನದ_ಮಗಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟ್ರೇ, ಒಂದೇ ಪ್ರಶ್ನೆ. ಹಾಗಾದರೆ ನಾನು ಹೋಗಿ ಏನು ಕೇಳಲಿ? "ಹಾಕಿ" ಅಂತಲೋ "ಬೇಡ" ಅಂತಲೋ?

ಮೂಳೆ_ವೈದ್ಯ
ಎರಡೂ ಬೇಡ. "ನೀವು ಸಾಮಾನ್ಯವಾಗಿ ಹಾಕುತ್ತೀರಾ? ಅಮ್ಮನ ಚಿಪ್ಪು ಎಷ್ಟು ದಪ್ಪ ಇದೆ? ಯಾವ ಸ್ಥಿತಿ ಕಂಡರೆ ನಿಮ್ಮ ರೂಢಿ ಬದಲಾಯಿಸುತ್ತೀರಿ?" ಅಂತ ಕೇಳಿ. ಮೂರನೆಯದಕ್ಕೆ ಅವರು ಏನು ಹೇಳುತ್ತಾರೆ ಅನ್ನುವುದನ್ನು ಗಮನಿಸಿ. ಯಾವ ಸ್ಥಿತಿಯಲ್ಲೂ ಬದಲಾಯಿಸುವುದಿಲ್ಲ ಅಂದರೆ ಅವರು ನಿಮ್ಮ ಅಮ್ಮನ ಮಂಡಿ ನೋಡಿ ಹೇಳುತ್ತಿಲ್ಲ. ಹಾಗೇ, ರೂಢಿಯಿಲ್ಲದ ಕೈಯಲ್ಲಿ ಒತ್ತಾಯ ಮಾಡಿ ಬಟನ್ ಹಾಕಿಸುವುದೂ ಒಳ್ಳೆಯದಲ್ಲ. ವರ್ಷಕ್ಕೆ ಎರಡು ಹಾಕುವವರಿಗಿಂತ ವಾರಕ್ಕೆ ಎರಡು ಹಾಕುವವರ ಕೈ ಮೇಲು. ಎಕ್ಸ್‌ರೇಯಲ್ಲಿ ಚಿಪ್ಪನ್ನು ಮೇಲಿನಿಂದ ತೋರಿಸುವ ಸ್ಕೈಲೈನ್ ಅನ್ನುವ ಒಂದು ಕೋನ ಇದೆ. ತೆಗೆಸಿಲ್ಲದಿದ್ದರೆ ತೆಗೆಸಿ.

ರಿಟೈರ್ಡ್_ಮೇಷ್ಟ್ರು
ನನಗೆ ಯಾರೂ ಇದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮಕ್ಕಳಿಗೆ ಪ್ರಶ್ನೆ ಕೇಳಿ ಅಂತ 34 ವರ್ಷ ಹೇಳಿಕೊಟ್ಟವನು, ಆಪರೇಷನ್ ಟೇಬಲ್ ಮೇಲೆ ಬಾಯಿ ಮುಚ್ಚಿಕೊಂಡು ಮಲಗಿದೆ.

ಹಾಸನದ_ಮಗಳು
ಎಂಟು ವಾರ ಆದಮೇಲೆ ಬರೆಯುತ್ತಿದ್ದೇನೆ. ಎಷ್ಟೋ ಜನ ಮೆಸೇಜ್ ಮಾಡಿ ಕೇಳಿದಿರಿ.

ಮೂರೂ ಪ್ರಶ್ನೆ ಬರೆದುಕೊಂಡು ಹೋದೆ. ಹಾಸನದವರು ಕೇಳಿ ನಕ್ಕು, "ನನ್ನದು ಒಂದೇ ಪದ್ಧತಿ ಅಮ್ಮಾ" ಅಂದರು. ಬೆಂಗಳೂರಿನವರು ಸ್ವಲ್ಪ ಹೊತ್ತು ಎಕ್ಸ್‌ರೇ ನೋಡಿ, "ನಾನು ಹಾಕುವವನೇ. ಆದರೆ ಇವರದು ತೆಳ್ಳಗೆ ಕಾಣುತ್ತಿದೆ. ತೆರೆದು ಅಳತೆ ಮಾಡುತ್ತೇನೆ. ತೀರಾ ಕಡಿಮೆ ಬಂದರೆ ಬಿಡುತ್ತೇನೆ, ಒಪ್ಪಿಗೆನಾ?" ಅಂತ ಅಮ್ಮನನ್ನೇ ಕೇಳಿದರು. ನನ್ನನ್ನಲ್ಲ, ಅಮ್ಮನನ್ನು. ಅಮ್ಮ ಅಲ್ಲೇ ಒಪ್ಪಿಬಿಟ್ಟಳು.

ತೆರೆದಾಗ ಚಿಪ್ಪು 19 ಮಿ.ಮೀ. ಇತ್ತಂತೆ. ಕಾರ್ಟಿಲೇಜ್ ಒಂದು ಅಂಚಿನಲ್ಲಿ ಮಾತ್ರ ಸವೆದಿತ್ತು. ಬಟನ್ ಹಾಕಲಿಲ್ಲ. ಮುಳ್ಳು ತೆಗೆದು, ಸುತ್ತ ಸುಟ್ಟು, ಹಾಗೇ ಬಿಟ್ಟರು. ಬಟನ್ ಹಾಕಿಯೇ ಹಾಕುತ್ತಾರೆ ಅಂತ ಆರಿಸಿಕೊಂಡ ಡಾಕ್ಟರು ಹಾಕಲಿಲ್ಲ! ಅಪ್ಪ ಒಂದು ದಿನ ಪೂರ್ತಿ ಅದನ್ನೇ ಹೇಳಿಕೊಂಡು ಓಡಾಡಿದರು.

ಮೊದಲ ಎರಡು ವಾರ ನರಕ. ರಾತ್ರಿ ನಿದ್ದೆ ಇಲ್ಲ. ಆಮೇಲೆ ದಿನದಿನಕ್ಕೆ ಹಗುರ. ಫಿಸಿಯೊ ಅಕ್ಕ, ಟವೆಲ್ ವ್ಯಾಯಾಮ ಮೊದಲೇ ಶುರು ಮಾಡಿದ್ದು ತುಂಬಾ ಉಪಯೋಗಕ್ಕೆ ಬಂತು. ಈಗ ಮನೆಯ ಏಳು ಮೆಟ್ಟಿಲು ಕಂಬಿ ಹಿಡಿದು ಹತ್ತುತ್ತಾಳೆ. ಇಳಿಯುವಾಗ ಇನ್ನೂ ಹೆದರಿಕೆ. ಮುಂಭಾಗ ಸ್ವಲ್ಪ ಹಿಡಿದ ಹಾಗೆ ಆಗುತ್ತದಂತೆ, ನೋವು ಅಂತ ಹೇಳುವುದಿಲ್ಲ.

ಲೆಕ್ಕದ ಪುಸ್ತಕದವರೇ, ಸ್ಟಿಕ್ಕರ್ ಎಣಿಸಿದೆ. ಮೂರು. ಬಿಲ್ಲಿನಲ್ಲೂ ಮೂರೇ.

ಮೊನ್ನೆ ಅವರೆಕಾಯಿ ಬಿಡಿಸೋಕೆ ನೆಲದ ಮೇಲೆ ಕೂರುತ್ತೇನೆ ಅಂತ ಹಟ ಹಿಡಿದಳು. ಸ್ಟೂಲ್ ಹಾಕಿ ಕೂರಿಸಿದೆ. ಎಡಗಾಲಿನ ವಿಷಯ ಎತ್ತಿದರೆ, "ಮೊದಲು ಇದರಲ್ಲಿ ಸಂತೆಗೆ ಹೋಗಿ ಬರ್ತೀನಿ, ಆಮೇಲೆ ನೋಡೋಣ" ಅಂತಾಳೆ.

ಪೆಟ್ಟಿಅಂಗಡಿ
ಹಿದುಕಿದ ಅವರೆಬೇಳೆ ಸಾರು ಮಾಡಿದಿರಾ?